ಸ್ಕೋರ್‌ಬೋರ್ಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದವರು

ಕಳೆದ ತಿಂಗಳು ಮೂರನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಾಗ ಹಳೇ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂದಿತ್ತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ‘ನಮ್ಮ ಕೋಚ್ ಮೇಡಂ ಹೋಗಿಬಿಟ್ರು’ ಎಂದು ಯಾರೋ ಬರೆದಿದ್ದರು. ಸಂಜೆಯೊಳಗೆ ಪ್ರಿನ್ಸಿಪಾಲರು ನನ್ನನ್ನು ಕರೆದು, “ನೀವೇ ಅವರ ಜೊತೆ ಹೆಚ್ಚು ಓಡಾಡಿದವರು ಸಾರ್, ಶಾಲೆಯ ಪತ್ರಿಕೆಗೆ ಒಂದು ಪುಟ ಬರೆದುಕೊಡಿ” ಎಂದರು. ಬರೆದುಕೊಟ್ಟೆ. ಎಷ್ಟು ವರ್ಷದ ಸೇವೆ, ಯಾವ ಯಾವ ಪಂದ್ಯಾವಳಿ, ಎಷ್ಟು ಕಪ್ಪು, ಎಲ್ಲ ಸರಿಯಾಗಿತ್ತು. ನಾನು ಗಣಿತದ ಮೇಷ್ಟ್ರು, ಅಂಥವೆಲ್ಲ ತಪ್ಪುವುದಿಲ್ಲ.

ಆ ಪುಟದಲ್ಲಿ ಬರೆಯಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಒಮ್ಮೆ ಅವರ ಹೆಸರನ್ನು ಒಂದು ವರದಿಯ ತಲೆಬರಹದಲ್ಲಿ ಬರೆದು ಅವರಿಗೆ ಅನ್ಯಾಯ ಮಾಡಿದ್ದೇನೆ. ಇನ್ನೊಮ್ಮೆ ಬರೆಯಲು ಕೈ ಬಾರದು.

ನಮ್ಮದು ದಕ್ಷಿಣ ಕೊಡಗಿನ ಒಂದು ವಸತಿ ಶಾಲೆ. ಸುತ್ತ ಕಾಫಿ ತೋಟ, ಸಂತೆ ಸಾಮಾನಿಗೆ ಅಮ್ಮತ್ತಿಗೆ ಹೋಗಬೇಕು. ಇಡೀ ಜಿಲ್ಲೆಗೆ ಹಾಕಿಯ ಹುಚ್ಚು. ಅದರ ನಡುವೆ ನಮ್ಮಲ್ಲಿ ಮಾತ್ರ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಆ ತಂಡ ಇದ್ದದ್ದೇ ಅವರಿಂದ. ಭಾಗಮಂಡಲದಿಂದ ಇನ್ನೂ ಮೇಲೆ, ಬಸ್ಸಿಳಿದು ನಡೆಯಬೇಕಾದ ಕಡೆಯ ಗೌಡರ ಮನೆಯವರು. ಪ್ರಾಯದಲ್ಲಿ ರಾಜ್ಯದ ಪರವಾಗಿ ಆಡಿದ್ದರಂತೆ. ನಾನು ನೋಡುವಾಗ ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಹಾಸ್ಟೆಲಿನ ಮೂಲೆಯ ಕೋಣೆಯಲ್ಲಿ ಇರುತ್ತಿದ್ದರು. ಮೊಣಕಾಲಿನ ಹತ್ತಿರ ಬಣ್ಣ ಹೋದ ನೀಲಿ ಟ್ರ್ಯಾಕ್ ಪ್ಯಾಂಟು, ಮೇಲೊಂದು ಗಂಡಸರ ಅರೆತೋಳಿನ ಸ್ವೆಟರು. ಸೀಟಿ ಕೊರಳಲ್ಲಿ ಇರುತ್ತಿತ್ತು, ಊದಿದ್ದು ಕಡಿಮೆ. ಅವರ ಗಂಟಲೇ ಸಾಕಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಅವರು ನಿಲ್ಲುವ ರೀತಿ. ಪಂದ್ಯ ನಡೆಯುವಾಗ ಅವರು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಸ್ಕೋರ್‌ಬೋರ್ಡು ಯಾವ ಕಡೆ ಇದೆಯೆಂದು ಮೊದಲೇ ನೋಡಿಕೊಂಡು, ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ನಡುನಡುವೆ ಬೆಂಚಿನಲ್ಲಿ ಕೂತ ಹುಡುಗಿಯರ ಕಡೆ ತಿರುಗಿ, “ಎಷ್ಟಾಯ್ತು ಮಕ್ಳೇ?” ಎಂದು ಕೇಳುವರು. ಆಡಲು ಇಳಿಯದ ಹುಡುಗಿಯರಿಗೆ ಅದೊಂದು ಕೆಲಸ. ಹಾಗೆ ಕೇಳುತ್ತಾರೆಂದು ಆ ಹುಡುಗಿಯರು ಕಣ್ಣು ಮಿಟುಕಿಸದೆ ಆಟ ನೋಡುತ್ತಿದ್ದರು. ಇದು ನನಗೆ ಅರ್ಥವಾಗಿದ್ದು ಎಷ್ಟೋ ತಡವಾಗಿ. ಆಗ ನಾನು ಮಾಡಿಕೊಂಡ ತೀರ್ಮಾನ, ಈ ಹೆಂಗಸಿಗೆ ಅಂಕಗಳ ಮೇಲೆ ಗಮನವಿಲ್ಲ ಎಂದು.

ನಾನು ಶನಿವಾರಸಂತೆ ಕಡೆಯವನು. ಆ ಶಾಲೆಗೆ ಸೇರಿದಾಗ ನನಗೆ ಮೂವತ್ತೂ ತುಂಬಿರಲಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಲೆಕ್ಕದ ಸಾರ್ ಯಾರು?” ಎಂದು ಕೇಳಿದರು. ಎದ್ದು ನಿಂತೆ.

“ಶನಿವಾರ ನಮ್ಮದೊಂದು ಮ್ಯಾಚ್ ಉಂಟು. ಸ್ಕೋರ್ ಶೀಟ್ ಬರೀಲಿಕ್ಕೆ ಜನ ಇಲ್ಲ. ಬರ್ತೀರಾ?”

“ನನಗೆ ಆಟ ಗೊತ್ತಿಲ್ಲ ಮೇಡಂ.”

“ಆಟ ನಾನು ಹೇಳಿಕೊಡ್ತೇನೆ. ಕೂಡೋದು ಗೊತ್ತಲ್ಲ ನಿಮಗೆ?”

ಹೀಗೆ ನಾನು ಬ್ಯಾಸ್ಕೆಟ್‌ಬಾಲಿಗೆ ಬಂದೆ. ಆಟದ ಅಆಇಈ ಕಲಿಸಿದವರು ಅವರೇ. ಯಾವುದು ಫೌಲ್, ಯಾವುದಲ್ಲ, ಚೆಂಡಿಲ್ಲದ ನಾಲ್ವರು ಏನು ಮಾಡುತ್ತಿರಬೇಕು ಎಂಬುದನ್ನೆಲ್ಲ ಸಿಮೆಂಟಿನ ಅಂಕಣದ ಅಂಚಿನಲ್ಲಿ ಸಣ್ಣ ಕಲ್ಲುಗಳನ್ನು ಇಟ್ಟು ತೋರಿಸುತ್ತಿದ್ದರು. “ಎಲ್ಲರೂ ಬಾಲ್ ನೋಡ್ತಾರೆ ಸಾರೇ. ನೀವು ಕಾಲು ನೋಡಿ” ಎನ್ನುತ್ತಿದ್ದರು. ಹುಡುಗಿಯರ ಮೇಲೆ ಸಿಟ್ಟು ಬಂದಾಗ ಮಾತ್ರ ಮನೆಯ ಅರೆಭಾಷೆ ಹೊರಗೆ ಬರುತ್ತಿತ್ತು: “ಏ ಗೂಡೇ, ಕಾಲು ಎಲ್ಲಿ ಉಟ್ಟು?” ಗೂಡೆ ಎಂದರೆ ಹುಡುಗಿ, ಉಟ್ಟು ಎಂದರೆ ಉಂಟು. ತಂಡದಲ್ಲಿ ಕೊಡವ, ತಮಿಳು, ಮಲಯಾಳ, ಉರ್ದು ಎಲ್ಲ ಮಾತಿನ ಮಕ್ಕಳಿದ್ದರು. ಆ ಒಂದು ವಾಕ್ಯ ಎಲ್ಲರಿಗೂ ಬರುತ್ತಿತ್ತು. ಒಬ್ಬರಿಗೊಬ್ಬರು ಬೈದುಕೊಳ್ಳುವಾಗಲೂ ಅದನ್ನೇ ಹೇಳುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ತೆರೆದ ಅಂಕಣದಲ್ಲಿ ಆಡುವಂತಿಲ್ಲ. ಅವರು ಹತ್ತಿರದ ಎಸ್ಟೇಟಿನವರನ್ನು ಕೇಳಿ ಖಾಲಿ ಬಿದ್ದ ಕಾಫಿ ಗೋದಾಮಿನ ಬೀಗದ ಕೈ ಇಸಿದುಕೊಳ್ಳುತ್ತಿದ್ದರು. ಬುಟ್ಟಿಯಿಲ್ಲ, ಗೆರೆಯಿಲ್ಲ, ಬರೀ ನೆಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಕ್ಕಳು ಒಂದು ಶಾಟ್ ಕೂಡ ಹೊಡೆಯದೆ ಬರೀ ಓಡುವುದು, ನಿಲ್ಲುವುದು, ತಿರುಗುವುದು, ನೆಗೆದು ಇಳಿಯುವುದನ್ನು ಕಲಿಯುತ್ತಿದ್ದರು. ಮೇಡಂ ಒಂದು ಮಗುಚಿದ ಕ್ರೇಟಿನ ಮೇಲೆ ಕಣ್ಣು ಮುಚ್ಚಿ ಕೂರುವರು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲೂ ಯಾವಳ ಎಡಗಾಲು ತಡವಾಗಿ ಬಿತ್ತು ಎನ್ನುವುದು ಅವರಿಗೆ ಕೇಳಿಸುತ್ತಿತ್ತು. ಒಮ್ಮೆ ನಾನು ಪರೀಕ್ಷೆ ಮಾಡಿದೆ. ಇಬ್ಬರು ಹುಡುಗಿಯರಿಗೆ ಸದ್ದಿಲ್ಲದೆ ಜಾಗ ಬದಲಿಸಿಕೊಳ್ಳಲು ಸನ್ನೆ ಮಾಡಿದೆ. ಮೇಡಂ ಕಣ್ಣು ತೆರೆಯದೆಯೇ, “ಸಾರೇ, ನಿಮ್ಮ ಕಿತಾಪತಿ ಕ್ಲಾಸಲ್ಲಿ ಇಟ್ಕೊಳ್ಳಿ” ಎಂದರು. ಗೋದಾಮು ತುಂಬ ನಗು.

ಅವರಲ್ಲಿ ಇನ್ನೊಂದು ಅಭ್ಯಾಸವಿತ್ತು, ನೋಡುವವರಿಗೆ ಮೈ ಉರಿಯುವಂಥದ್ದು. ಕೊನೆಯ ಹತ್ತು ನಿಮಿಷದಲ್ಲಿ, ಪಂದ್ಯ ಬಿಗಿಯಾಗಿರುವಾಗಲೇ, ಚೆನ್ನಾಗಿ ಆಡುವವಳೊಬ್ಬಳನ್ನು ಹೊರಗೆ ಕರೆದು ಬೆಂಚಿನಲ್ಲಿದ್ದ ಹೊಸಬಳನ್ನು ಕಳಿಸುವರು. ಕೆಲವು ಪಂದ್ಯ ಹಾಗೆಯೇ ಕೈತಪ್ಪಿದವು. ನಾನು ಕೇಳಿದ್ದಕ್ಕೆ, “ಗೆದ್ದಾದ ಮೇಲೆ ಇಳಿಸಿದ್ರೆ ಅವಳು ಎಂತ ಕಲೀತಾಳೆ? ಹೆದರಿಕೆ ಇರುವಾಗ ಇಳೀಬೇಕು” ಎಂದರು. ಆ ಹೊಸಬರು ಎರಡು ವರ್ಷದಲ್ಲಿ ಎಲ್ಲರಿಗಿಂತ ಗಟ್ಟಿಯಾಗುತ್ತಿದ್ದರು. ಗಟ್ಟಿಯಾದವರನ್ನು ಅವರು ನಮ್ಮಲ್ಲಿ ಉಳಿಸಿಕೊಳ್ಳುತ್ತಲೂ ಇರಲಿಲ್ಲ. ತಾವೇ ಅರ್ಜಿ ತುಂಬಿ, ತಾವೇ ಬಸ್ಸು ಹತ್ತಿಸಿಕೊಂಡು ಹೋಗಿ ಮೈಸೂರಿನ ದೊಡ್ಡ ಕ್ರೀಡಾ ಹಾಸ್ಟೆಲಿಗೆ ಬಿಟ್ಟು ಬರುತ್ತಿದ್ದರು. ನಮ್ಮ ತಂಡದ ಅತಿ ಎತ್ತರದ ಹುಡುಗಿ ಹಾಗೆ ಹೋದ ದಿನ, “ಅವಳಿಗೆ ಇಲ್ಲಿ ಕಲೀಲಿಕ್ಕೆ ಇನ್ನೆಂತ ಇಲ್ಲೆ” ಎಂದು ಅರೆಭಾಷೆ, ಕನ್ನಡ ಎರಡೂ ಕಲಸಿ ಹೇಳಿ, ಖುಷಿಯಲ್ಲಿ ಎರಡು ಲೋಟ ಕಾಫಿ ಕುಡಿದರು.

ಈಗ ನನ್ನ ವಿಷಯ.

ಸ್ಕೋರ್ ಬರೆಯುತ್ತ ಬರೆಯುತ್ತ ನನಗೆ ಅದರ ರುಚಿ ಹತ್ತಿತು. ದೊಡ್ಡ ದೇಶಗಳ ತಂಡಗಳು ಅಂಕಿಸಂಖ್ಯೆ ಬಳಸಿ ಆಟಗಾರರನ್ನು ಅಳೆಯುವ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ನೋಡಿದೆ. ಸುಮ್ಮನೆ ಯಾರು ಎಷ್ಟು ಬುಟ್ಟಿಗೆ ಹಾಕಿದರು ಎಂದು ಎಣಿಸುವುದಲ್ಲ. ಒಬ್ಬಳು ಅಂಕಣದಲ್ಲಿ ಇದ್ದಷ್ಟು ಹೊತ್ತು ನಮ್ಮ ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು ಎಂದು ನೋಡುವುದು. ಆಗ ಒಂದೂ ಬುಟ್ಟಿ ಹಾಕದವಳೂ ತಂಡಕ್ಕೆ ಲಾಭ ಎಂದು ತೋರಬಹುದು. ಜೊತೆಗೆ ಯಾರಿದ್ದರು, ಎದುರಾಳಿ ಯಾರು ಎನ್ನುವುದನ್ನು ಸರಿದೂಗಿಸಿ ಇನ್ನೂ ಸೂಕ್ಷ್ಮವಾಗಿ ಅಳೆಯಬಹುದು. ಇದೇ ದಾರಿಯಲ್ಲಿ ಮುಂದೆ ಹೋದರೆ ಕೋಚನ್ನೂ ಅಳೆಯಬಹುದು. ಅವರ ಕೈಕೆಳಗೆ ಮಕ್ಕಳು ಸಾಮಾನ್ಯವಾಗಿ ಬೆಳೆಯುವುದಕ್ಕಿಂತ ಹೆಚ್ಚು ಬೆಳೆದರೋ ಇಲ್ಲವೋ ಎಂದು. ನಾನು ಎಲ್ಲವನ್ನೂ ಲ್ಯಾಪ್‌ಟಾಪಿಗೆ ತುಂಬಿದೆ. ಮೊದಮೊದಲು ಮೇಡಂಗೆ ತೋರಿಸುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಶ್ರದ್ಧೆಯಿಂದ ನೋಡುತ್ತಿದ್ದರು. ಅಂಕಿಗಳನ್ನು ಹಳಿದವರಲ್ಲ. “ಇದು ಸರಿ ಉಂಟು, ಈ ಗೂಡೆ ಇದ್ರೆ ಉಳಿದವರು ಚೆನ್ನಾಗಿ ಆಡ್ತಾರೆ. ನನಗೂ ಹಾಗೇ ಕಾಣ್ತಿತ್ತು” ಎನ್ನುವರು. ಆ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಸೆಲ್ವಿಯದು.

ಸೆಲ್ವಿ ಎಸ್ಟೇಟಿನ ಕೂಲಿಲೈನಿನ ಮನೆಯ ಹುಡುಗಿ. ತಂದೆ ತಾಯಿ ಇಬ್ಬರೂ ಕಾಫಿ ಕುಯ್ಯುವವರು. ಆಟದ ಮೇಲೆ ಅವಳಿಗೆ ನಮ್ಮ ಶಾಲೆಯಲ್ಲಿ ಉಚಿತ ಸೀಟು ಸಿಕ್ಕಿತ್ತು. ಆಟ ನಿಂತರೆ ಸೀಟೂ ಇಲ್ಲ. ಹತ್ತನೇ ತರಗತಿಯಲ್ಲಿದ್ದಾಗ, ಜಿಲ್ಲಾ ಫೈನಲಿಗೆ ಒಂದು ವಾರ ಮುಂಚೆ, ಮೇಡಂ ನನ್ನನ್ನು ಗೋದಾಮಿನ ಹಿಂದೆ ಕರೆದರು.

“ಸಾರೇ, ನಿಮಗೊಬ್ಬರಿಗೆ ಹೇಳ್ತೇನೆ. ಸೆಲ್ವಿಯ ಮಂಡಿ ಒಳಗೆ ಸಡಿಲ ಆಗಿದೆ. ಡಾಕ್ಟ್ರ ಹತ್ರ ಹೋಗಿದ್ದೆವು. ಅರ್ಧ ಆಟ ಆಡಬಹುದು, ಪೂರ್ತಿ ಆಡಿದ್ರೆ ಹರೀತದೆ ಅಂದ್ರು. ಆಫೀಸಿಗೆ ಗೊತ್ತಾದ್ರೆ ಸೀಟು ಕಿತ್ತುಕೊಳ್ತಾರೆ. ಪರೀಕ್ಷೆ ಮುಗಿಯೋವರೆಗೆ ನಾನು ಹೇಗಾದ್ರೂ ಕಾಯ್ತೇನೆ. ನಿಮ್ಮ ಶೀಟಲ್ಲಿ ಎಲ್ಲೂ ಬರೀಬೇಡಿ.”

“ಇಲ್ಲ ಮೇಡಂ, ಬರೆಯಲ್ಲ” ಎಂದೆ.

ಫೈನಲಿನಲ್ಲಿ ಅರ್ಧ ಆಟ ಮುಗಿದ ಮೇಲೆ ಸೆಲ್ವಿಯನ್ನು ಕೂರಿಸಿದರು. ನಾವು ಮುಂದಿದ್ದೆವು. ಆಮೇಲೆ ಹಿಂದೆ ಬಿದ್ದೆವು. ಸೆಲ್ವಿ ಅಳುತ್ತ, “ಇಳಿಸಿ ಮೇಡಂ, ಒಂದೈದು ನಿಮಿಷ” ಎಂದು ಬೇಡುತ್ತಿದ್ದಳು. ಜನ ಕೂಗುತ್ತಿದ್ದರು. ಮೇಡಂ ಎಂದಿನಂತೆ ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದರು. ಸೋತೆವು.

ನಮ್ಮ ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟರು ಆ ದಿನ ಮುಂದಿನ ಸಾಲಿನಲ್ಲೇ ಕೂತಿದ್ದರು. ದೊಡ್ಡ ಪ್ಲಾಂಟರು, ಕೆಟ್ಟವರಲ್ಲ. ಮರುವಾರ ನನ್ನನ್ನು ಕರೆಸಿದರು. “ಮಾಸ್ಟ್ರೇ, ನೀವೆಂಥದೋ ಕಂಪ್ಯೂಟರಲ್ಲಿ ಲೆಕ್ಕ ಇಟ್ಟಿದ್ದೀರಂತೆ. ನನ್ನ ಎಸ್ಟೇಟಲ್ಲಿ ಪಿಕಿಂಗ್ ಆದ್ರೆ ಸಂಜೆ ರೈಟರ್ ತೂಕ ಹಾಕ್ತಾನೆ, ಯಾರು ಎಷ್ಟು ಕುಯ್ದ್ರು ಅಂತ ಗೊತ್ತಾಗ್ತದೆ. ಈ ಕೋಚನ್ನ ತೂಕ ಹಾಕೋದು ಹೇಗೆ? ಅದನ್ನ ಹೇಳಿ ನನಗೆ.”

ನಾನು ಹೇಳಿದೆ. ಮೂರು ವಾರ ಕೂತು ವರದಿ ತಯಾರಿಸಿದೆ. ಕೊನೆಯ ಹತ್ತು ನಿಮಿಷಗಳಲ್ಲಿ ನಮ್ಮ ತಂಡ ಕುಸಿಯುತ್ತದೆ, ಅದಕ್ಕೆ ಕಾರಣ ಕೋಚ್ ಮಾಡುವ ಬದಲಾವಣೆಗಳು ಎಂದು ಗ್ರಾಫ್ ಹಾಕಿದೆ. ತಂಡದಲ್ಲಿ ಉಳಿದ ಆಟಗಾರ್ತಿಯರ ಬೆಳವಣಿಗೆ ನಿರೀಕ್ಷೆಗಿಂತ ಕಡಿಮೆ ಎಂದು ತೋರಿಸಿದೆ. ‘ಉಳಿದ’ ಎಂಬ ಪದ ಬರೆಯುವಾಗ ಕೈ ಒಂದು ಕ್ಷಣ ನಿಂತದ್ದು ನೆನಪಿದೆ. ಚೆನ್ನಾಗಿ ಬೆಳೆದವರನ್ನೆಲ್ಲ ಅವರೇ ಮೈಸೂರಿಗೆ ಕಳಿಸಿಬಿಟ್ಟಿದ್ದರು. ನನ್ನ ಪಟ್ಟಿಯಲ್ಲಿ ಅವರೆಲ್ಲ ‘ಬಿಟ್ಟುಹೋದವರು’ ಎಂದು ಕೆಳಗೆ ಕೂತಿದ್ದರು, ಲೆಕ್ಕಕ್ಕೆ ಬಂದಿರಲಿಲ್ಲ. ಅವರ ಮುಂದಿನ ಆಟದ ಮಾಹಿತಿ ನನ್ನ ಬಳಿ ಇಲ್ಲ, ಆದ್ದರಿಂದ ಸೇರಿಸುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿದ್ದರೆ ಮಾಹಿತಿ ಸಿಗುತ್ತಿತ್ತು. ಕೇಳಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ಆಟಗಾರ್ತಿಯರ ಬೆಳವಣಿಗೆಯಲ್ಲಿ ಈ ತರಬೇತುದಾರರ ಪಾತ್ರ ಗಣನೀಯವಾಗಿ ಕಂಡುಬರುವುದಿಲ್ಲ.’ ಆ ವಾಕ್ಯವನ್ನು ಎರಡು ಮೂರು ಸಲ ಓದಿ ಸಂತೋಷಪಟ್ಟೆ.

ವರದಿ ನೋಡಲು ಕರೆದ ಆಡಳಿತ ಮಂಡಳಿಯ ಸಭೆಗೆ ಮೇಡಂ ಸೀರೆಯುಟ್ಟು ಬಂದಿದ್ದರು. ನಾನು ಅವರನ್ನು ಸೀರೆಯಲ್ಲಿ ನೋಡಿದ್ದು ಅದೇ ಮೊದಲು. ನಾನು ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಅದೇ ಶ್ರದ್ಧೆಯಿಂದ ನೋಡಿದರು. ಎಲ್ಲ ಮುಗಿದ ಮೇಲೆ ಕರೆಸ್ಪಾಂಡೆಂಟರು ಕೇಳಿದರು.

“ಫೈನಲಲ್ಲಿ ಬೆಸ್ಟ್ ಪ್ಲೇಯರನ್ನ ಯಾಕೆ ಕೂರಿಸಿದ್ರಿ ಮೇಡಂ?”

“ಅದು ನನ್ನ ತೀರ್ಮಾನ ಸಾರ್.”

“ಕಾರಣ ಇರಬೇಕಲ್ಲ?”

“ಕಾರಣ ಉಂಟು. ಹೇಳಲಿಕ್ಕೆ ಆಗುದಿಲ್ಲ.”

ಅವರು ಒಂದು ಸಲ ನನ್ನ ಕಡೆ ನೋಡಿದರು. ಒಂದೇ ಸಲ.

ಸೆಲ್ವಿಯ ಹೆಸರೆತ್ತದೆಯೇ ನಾನು ಮಾತಾಡಬಹುದಿತ್ತು. ‘ಈ ಲೆಕ್ಕದಲ್ಲಿ ಬಾರದ ಸಂಗತಿಗಳಿವೆ, ಇದನ್ನು ನಂಬಿ ತೀರ್ಮಾನ ತೆಗೆದುಕೊಳ್ಳಬೇಡಿ’ ಎಂದಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ಬರೆಯಲು ಆಸೆ. ಅದು ನಿಜವಲ್ಲ. ಆ ಕ್ಷಣದಲ್ಲಿ ಸೆಲ್ವಿಯ ಸೀಟು ನನ್ನ ತಲೆಯಲ್ಲಿ ಇರಲೇ ಇಲ್ಲ. ಕರೆಸ್ಪಾಂಡೆಂಟರು ನನ್ನ ಗ್ರಾಫ್ ನೋಡಿ ತಲೆಯಾಡಿಸುತ್ತಿದ್ದರು. ಪ್ರಿನ್ಸಿಪಾಲರು ಅದರ ಫೋಟೊ ತೆಗೆದುಕೊಳ್ಳುತ್ತಿದ್ದರು. ಅಷ್ಟು ಜನ ದೊಡ್ಡವರು ನಾನು ಮಾಡಿದ್ದನ್ನು ಅಷ್ಟು ಗೌರವದಿಂದ ನೋಡಿದ್ದು ನನ್ನ ಬದುಕಿನಲ್ಲಿ ಮೊದಲ ಸಲ. ಅದು ಕೆಡಬಾರದೆಂದು ಸುಮ್ಮನಿದ್ದೆ.

ಆ ವರ್ಷದ ಕೊನೆಗೆ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಸೆಲ್ವಿಯ ಪರೀಕ್ಷೆ ಮುಗಿಯುವವರೆಗೆ ಇದ್ದು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಜೀಪು ಹತ್ತಿದರು. ಹುಡುಗಿಯರು ಗೇಟಿನವರೆಗೆ ಹೋದರು. ನನಗೆ ಕ್ಲಾಸಿತ್ತು.

ಹೊಸ ಕೋಚ್ ಬಂದರು, ಚುರುಕಿನ ಯುವಕ. ಸೆಲ್ವಿ ನಮ್ಮಲ್ಲೇ ಪಿಯುಸಿಗೆ ಸೇರಿದ್ದಳು. ನನ್ನ ಪಟ್ಟಿಯನ್ನು ಅವರಿಗೆ ಕೊಟ್ಟೆ. ಅವರು ಮೊದಲ ಹೆಸರಿನವಳನ್ನು ಪ್ರತಿ ಪಂದ್ಯದಲ್ಲೂ ಮೊದಲಿಂದ ಕೊನೆಯವರೆಗೆ ಆಡಿಸಿದರು. ಒಂದು ದಿನ ನಾನು, “ಆ ಹುಡುಗಿಗೆ ಸ್ವಲ್ಪ ರೆಸ್ಟ್ ಕೊಡಿ ಸಾರ್” ಎಂದೆ.

“ನಿಮ್ಮ ಶೀಟೇ ಹೇಳ್ತದಲ್ಲ ಸಾರ್, ಅವಳಿದ್ರೆ ಗೆಲ್ತೇವೆ ಅಂತ” ಎಂದು ಅವರು ನಕ್ಕರು.

ನಾನೂ ನಕ್ಕೆ. ಅಲ್ಲಿಗೆ ಬಿಟ್ಟೆ. ಸೆಲ್ವಿಯೂ ಬಾಯಿ ಬಿಡಲಿಲ್ಲ. ಅವಳಿಗೆ ಆಡುವ ಆಸೆ, ಸೀಟಿನ ಹೆದರಿಕೆ. ದಸರೆಗೆ ಮುಂಚಿನ ಒಂದು ಪಂದ್ಯದಲ್ಲಿ ನೆಗೆದು ಇಳಿದವಳು ಅಲ್ಲೇ ಕುಸಿದಳು. ಮಂಡಿ ಹರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಆಟ ಮುಗಿಯಿತು. ಅವಳ ಸೀಟನ್ನು ಮಾತ್ರ ಶಾಲೆ ಕಿತ್ತುಕೊಳ್ಳಲಿಲ್ಲ. ಅಂಕಣದಲ್ಲಿ ಬಿದ್ದ ಮಗುವನ್ನು ಹೊರಗೆ ಹಾಕಲು ಕರೆಸ್ಪಾಂಡೆಂಟರಿಗೆ ಮನಸ್ಸು ಬರಲಿಲ್ಲ. ಹಾಗಾದರೆ ಮಂಡಿಯ ವಿಷಯ ಮೊದಲೇ ಹೇಳಿದ್ದರೂ ಸೀಟು ಕೀಳಲು ಮನಸ್ಸು ಬರುತ್ತಿರಲಿಲ್ಲವೋ ಏನೋ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಆಮೇಲೆ ನಾನು ಮೈಸೂರಿನ ಹಾಸ್ಟೆಲಿಗೆ ಬರೆದು ಮೇಡಂ ಕಳಿಸಿದ ಹುಡುಗಿಯರ ಮಾಹಿತಿ ತರಿಸಿಕೊಂಡೆ. ಎರಡೇ ದಿನದಲ್ಲಿ ಬಂತು. ಸೇರಿಸಿ ಲೆಕ್ಕ ಹಾಕಿದಾಗ ನನ್ನ ವರದಿ ತಲೆಕೆಳಗಾಯಿತು. ಅವರ ಕೈಯಲ್ಲಿ ಬೆಳೆದಷ್ಟು ಹುಡುಗಿಯರು ಸುತ್ತಮುತ್ತ ಯಾರ ಕೈಯಲ್ಲೂ ಬೆಳೆದಿರಲಿಲ್ಲ. ಅದನ್ನು ಅಚ್ಚು ಹಾಕಿಸಿ ಕರೆಸ್ಪಾಂಡೆಂಟರ ಮೇಜಿನ ಮೇಲಿಟ್ಟೆ. ಅವರು ಎರಡು ಹಾಳೆ ತಿರುವಿ, “ಆಯ್ತು ಬಿಡಿ ಮಾಸ್ಟ್ರೇ, ಹಳೇ ವಿಷಯ. ಹೊಸ ಕೋಚ್ ಚೆನ್ನಾಗಿ ಮಾಡ್ತಿದ್ದಾರಲ್ಲ” ಎಂದರು.

ಎರಡು ವರ್ಷದ ಮೇಲೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕರು. ತಪ್ಪಿಸಿಕೊಳ್ಳಲು ನೋಡಿದೆ. ಅವರೇ ಕೂಗಿದರು: “ಓ ಲೆಕ್ಕದ ಸಾರೇ!” ಬಗಲಲ್ಲಿ ಬಲೆಚೀಲ, ಅದರಲ್ಲಿ ಎರಡು ಹೊಸ ಚೆಂಡು. ಊರಿನ ಹತ್ತಿರದ ಶಾಲೆಯಲ್ಲಿ ಸಂಜೆ ಹೊತ್ತು ಮಕ್ಕಳನ್ನು ಆಡಿಸುತ್ತಿದ್ದೇನೆ ಎಂದರು. ಸ್ವಲ್ಪ ಇಳಿದುಹೋಗಿದ್ದರು. ಪ್ರತಿಯೊಬ್ಬ ಹುಡುಗಿಯ ಹೆಸರು ಹಿಡಿದು ವಿಚಾರಿಸಿದರು. ನಾನು ಮಾತು ಹೇಗೆ ಶುರು ಮಾಡಲಿ ಎಂದು ತಡವರಿಸುತ್ತಿರುವಾಗ ಅವರೇ ಹೇಳಿದರು.

“ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕಿತ್ತು ಸಾರೇ. ಆ ದಿನ ಮೀಟಿಂಗಲ್ಲಿ ನನಗೆ ಒಂದೇ ಹೆದರಿಕೆ. ನೀವು ನನ್ನ ಮುಖ ನೋಡಿ ಪಾಪ ಅನ್ನಿಸಿ ಸೆಲ್ವಿ ವಿಷಯ ಬಾಯಿ ಬಿಟ್ಟುಬಿಡ್ತೀರೇನೋ ಅಂತ. ಅದಕ್ಕೇ ನಿಮ್ಮನ್ನು ನೋಡಿದೆ. ನೀವು ಬಿಡಲಿಲ್ಲ. ಅಷ್ಟು ಜನರ ಎದುರು ಮಾತು ಉಳಿಸಿಕೊಳ್ಳೋದು ಸುಲಭ ಅಲ್ಲ.”

“ಮೇಡಂ, ಆ ವರದಿ...” ಎಂದೆ.

“ಅದು ನಿಮ್ಮ ಕೆಲಸ. ಇದ್ದದ್ದನ್ನು ಬರೆದಿರಿ. ಮೈಸೂರಿಗೆ ಹೋದ ಮಕ್ಕಳ ವಿಷಯ ನಾನೇ ನಿಮಗೆ ಬಿಡಿಸಿ ಹೇಳಬೇಕಿತ್ತು. ಪಾಪ, ಆ ಗೂಡೆಗೆ ಆಮೇಲೆ ಆದದ್ದು ಯಾರ ಕೈಲೂ ಇರಲಿಲ್ಲ.”

ನನ್ನ ಕೈಲಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಭಾಗಮಂಡಲದ ಬಸ್ಸು ಬಂತು, ಜನ ನುಗ್ಗಿದರು. ಅವರು ಚೀಲ ಎತ್ತಿಕೊಂಡು, “ಬರ್ತೇನೆ, ಒಮ್ಮೆ ಮನೆಗೆ ಬನ್ನಿ” ಎಂದು ಹತ್ತಿದರು. ಅವರ ಜೊತೆ ನಾನೂ ಹತ್ತಬಹುದಿತ್ತು. ಆ ಸಂಜೆ ನನಗೆ ಬೇರೆ ಕೆಲಸವೇನೂ ಇರಲಿಲ್ಲ. ಆದರೆ ನಿಜ ಹೇಳುತ್ತೇನೆ, ಬಸ್ಸು ಹೊರಟಾಗ ನನಗೆ ಸಮಾಧಾನವೇ ಆಯಿತು. ಅವರ ಕಣ್ಣಿನಲ್ಲಿ ನಾನು ಒಳ್ಳೆಯವನಾಗಿ ಉಳಿದೆನಲ್ಲ ಎಂದು. ಆಮೇಲೆ ಎಷ್ಟೋ ವರ್ಷ ಕಳೆದವು. ಮನೆಗೆ ಹೋಗಲಿಲ್ಲ.

ಹೋದದ್ದು ಅವರ ತಿಥಿಗೆ. ಅವರ ಅಣ್ಣನ ಮನೆಯ ಅಂಗಳದಲ್ಲಿ ಟಾರ್ಪಾಲಿನ ಚಪ್ಪರ ಹಾಕಿದ್ದರು. ಎಲ್ಲಿಂದಲೋ ಬಂದ ಎತ್ತರದ ಹೆಂಗಸರು ತುಂಬ ಜನ. ಒಬ್ಬಳು ಪೊಲೀಸು, ಇಬ್ಬರು ಆಟದ ಟೀಚರುಗಳು, ಮಕ್ಕಳನ್ನು ಎತ್ತಿಕೊಂಡು ಬಂದವರು. ಬಡಿಸುವವರ ನಡುವೆ ಸೆಲ್ವಿ ಇದ್ದಳು. ಈಗ ಹುದಿಕೇರಿ ಕಡೆಯ ಶಾಲೆಯೊಂದರಲ್ಲಿ ಆಟದ ಟೀಚರು. ಮೆಟ್ಟಿಲು ಇಳಿಯುವಾಗ ಮಾತ್ರ ಒಂದು ಕಾಲು ಎಳೆಯುತ್ತದೆ. ನನ್ನನ್ನು ನೋಡಿ ಬಕೆಟ್ ಕೆಳಗಿಟ್ಟು ಓಡಿಬಂದಳು.

“ಸಾರ್, ಬಂದ್ರಾ? ಮೇಡಂ ನಿಮ್ಮ ವಿಷಯ ಯಾವಾಗ್ಲೂ ಹೇಳ್ತಿದ್ರು. ನನ್ನ ಮಂಡಿ ವಿಷಯ ನಿಮಗೆ ಗೊತ್ತಿತ್ತಂತೆ, ಆದ್ರೂ ನನ್ನ ಸೀಟಿಗೋಸ್ಕರ ಯಾರಿಗೂ ಹೇಳ್ಲಿಲ್ಲ ಅಂತ.”

ಈ ಸಲ ಬಸ್ಸು ಬರುವಂತಿರಲಿಲ್ಲ. ಅವಳನ್ನು ಚಪ್ಪರದ ಹೊರಗೆ ಕರೆದು ಹೇಳಿದೆ. ಅವಳ ಸೀಟಿಗಾಗಿ ಅಲ್ಲ, ನನ್ನ ವರದಿಗಾಗಿ ಸುಮ್ಮನಿದ್ದೆ ಎಂದು. ಹೊಸ ಕೋಚಿಗೆ ಎಚ್ಚರಿಕೆ ಹೇಳದೆ ನಕ್ಕು ಬಿಟ್ಟೆ ಎಂದು. ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಕೊಟ್ಟ ಥ್ಯಾಂಕ್ಸನ್ನು ಇಟ್ಟುಕೊಂಡೆ ಎಂದು. ಅವಳು ಕೈಗೆ ಮೆತ್ತಿದ ಅನ್ನದಗುಳು ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

“ಮೇಡಂಗೆ ಹೇಳಿದ್ರಾ ಸಾರ್ ಇದನ್ನ?”

“ಇಲ್ಲ.”

“ಹತ್ತು ವರ್ಷ ಇತ್ತಲ್ಲ ಸಾರ್.”

ಅವಳು ಒಳಗೆ ಮೇಡಂ ಫೋಟೊ ಇಟ್ಟ ಕಡೆ ನೋಡಿದಳು, ಮತ್ತೆ ನನ್ನನ್ನು.

“ಈಗ ನಂಗ್ಯಾಕೆ ಹೇಳ್ತೀರಿ? ನಾನು ಇದನ್ನ ಏನ್ ಮಾಡ್ಲಿ?”

ಅಷ್ಟರಲ್ಲಿ ಪಂಕ್ತಿಗೆ ಕೂರಲು ಕರೆದರು. “ಊಟ ಮಾಡದೆ ಹೋಗ್ಬೇಡಿ. ಮೇಡಂ ಮನೆ ಇದು” ಎಂದು ಹೇಳಿ ಅವಳು ಬಕೆಟ್ ಎತ್ತಿಕೊಂಡಳು. ನಾನು ಹೋಗಿ ಕೂತೆ. ಅವಳು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಬಡಿಸುತ್ತ ಬಂದಳು. ಪಕ್ಕದವರನ್ನು, “ಇನ್ನೊಂಚೂರು ಹಾಕ್ಲಾ ಅಣ್ಣಾ?” ಎಂದು ಕೇಳಿದಳು. ನನ್ನ ಎಲೆಗೆ ಎಲ್ಲರಿಗೆ ಹಾಕಿದಷ್ಟೇ ಹಾಕಿ, ಏನೂ ಕೇಳದೆ ಮುಂದಿನವರ ಹತ್ತಿರ ಹೋದಳು. ನಾನು ತಲೆ ಬಗ್ಗಿಸಿ, ಒಂದಗುಳೂ ಬಿಡದೆ ಉಂಡೆ.